ಮುಟ್ಟಬಾರದ ಹನ್ನೊಂದು ದಿನ

*ಇಂದಿನ ಧಮ್ಮ ಚಿಂತನೆ*



ಮೂರು ವಾರದಿಂದ ಮೇಷ್ಟ್ರ ಚಿಂತನೆ ಯಾಕೆ ಬರುತ್ತಿಲ್ಲ ಎಂದು ಕೆಲವರು ಕೇಳಿದಿರಿ. ಕಾರಣ ಬನಶಂಕರಿ ಕಡೆಯವರಿಗೆ ಆಗಲೇ ಗೊತ್ತು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ, ನನ್ನ ನಲವತ್ತನಾಲ್ಕನೇ ವಯಸ್ಸಿನಲ್ಲಿ, ನಮಗೆ ಹೆಣ್ಣು ಮಗು ಹುಟ್ಟಿದೆ. ದಿನ ತುಂಬುವ ಮೊದಲೇ ಬಂದುಬಿಟ್ಟಳು. ತೂಕ 1 ಕೆಜಿ 900 ಗ್ರಾಂ.

ತಾಯಿಗೆ ಬಿಪಿ ಏರಿ ಸಿಸೇರಿಯನ್ ಆಗಿತ್ತು. ಅವಳು ಒಂದು ವಾರ್ಡಿನಲ್ಲಿ, ಮಗು ಇನ್ನೊಂದರಲ್ಲಿ. ಎರಡನೇ ದಿನ ನರ್ಸ್ ಕರೆದು, "ಸಾರ್, ಸೋಪು ಹಾಕಿ ಮೊಣಕೈವರೆಗೂ ತೊಳ್ಕೊಂಡು ಬನ್ನಿ. ಶರ್ಟಿನ ಗುಂಡಿ ಬಿಚ್ಚಿ ಈ ಕುರ್ಚೀಲಿ ಒರಗಿ ಕೂತ್ಕೊಳ್ಳಿ" ಅಂದರು. ಟೋಪಿ, ಕಾಲುಚೀಲ, ಡೈಪರ್ ಬಿಟ್ಟರೆ ಮೈಮೇಲೆ ಬಟ್ಟೆಯಿಲ್ಲದ ಮಗುವನ್ನು ನನ್ನ ಬರಿಯೆದೆಯ ಮೇಲೆ ಕಪ್ಪೆಮರಿಯ ಹಾಗೆ ಕೈಕಾಲು ಮಡಿಸಿ ನೆಟ್ಟಗೆ ಒರಗಿಸಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಮೇಲೊಂದು ಬಟ್ಟೆ ಸುತ್ತಿ ಕಟ್ಟಿದರು. ಇದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ.

ಆ ಹೊತ್ತಿಗೆ ಸರಿಯಾಗಿ ಕನಕಪುರದಿಂದ ಬಂದ ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಅಯ್ಯೋ ಅಳಿಯಂದ್ರೇ, ಪುರುಡು ಕಳೀದೆ ಗಂಡಸ್ರು ಮಗೀನ ಮುಟ್ಬಾರ್ದು. ಹನ್ನೊಂದು ದಿನ ತಡ್ಕಳಿ."

ಅತ್ತೆ ಕೆಟ್ಟವರಲ್ಲ. ದೀಕ್ಷೆ ತೆಗೆದುಕೊಂಡು ಎಷ್ಟೋ ವರ್ಷವಾಗಿದೆ, ತ್ರಿಸರಣ ಪಂಚಶೀಲ ಬಾಯಿಪಾಠ. ಆದರೂ ಪುರುಡು ಬಿಟ್ಟಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಬಿಟ್ಟಿದ್ದೇವೆ ಹೇಳಿ?

ನನಗೆ ನಮ್ಮಜ್ಜಿಯ ನೆನಪು ಬಂತು. ಅಜ್ಜಿ ಸೂಲಗಿತ್ತಿ. ಮೇಲಿನ ಬೀದಿಯ ಮನೆಗಳಲ್ಲಿ ಹೆರಿಗೆ ನೋವು ಶುರುವಾದರೆ ನಡುರಾತ್ರಿ ಕೇರಿಗೆ ಆಳು ಬರುತ್ತಿದ್ದ. ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ, ಮಗು ಹಿಡಿದು, ಹೊಕ್ಕುಳಬಳ್ಳಿ ಕತ್ತರಿಸಿ, ಮೈ ಒರೆಸಿ ತಾಯಿಯ ಮಗ್ಗುಲಿಗೆ ಹಾಕುತ್ತಿದ್ದವಳು ಅವಳು. ಆ ಮಕ್ಕಳನ್ನು ಎಲ್ಲರಿಗಿಂತ ಮೊದಲು ಮುಟ್ಟಿದ ಕೈ ಅದು. ಪುರುಡು ಕಳೆದ ಮೇಲೆ ಅದೇ ಮಗುವನ್ನು ಅಜ್ಜಿ ಮುಟ್ಟುವ ಹಾಗಿರಲಿಲ್ಲ. ಮನೆಯವರಿಗೆಲ್ಲ ಹನ್ನೊಂದು ದಿನದ ಮೈಲಿಗೆ, ಅಜ್ಜಿಗೆ ಸಾಯುವವರೆಗೂ. ಲೆಕ್ಕದಲ್ಲಿ ವ್ಯತ್ಯಾಸ ಅಷ್ಟೇ. ಕನ್ನಡದಲ್ಲಿ ಮುಟ್ಟು ಎಂದರೆ ಸ್ಪರ್ಶ, ಹೆಣ್ಣಿನ ತಿಂಗಳ ಸ್ರಾವವೂ ಮುಟ್ಟು, ಆ ದಿನಗಳಲ್ಲಿ ಅವಳನ್ನು ಮುಟ್ಟಬಾರದು ಬೇರೆ! ಎಂ.ಎ. ಓದುವಾಗ ನಮಗೆ ಯಾರೂ ಇದನ್ನು ಪಾಠ ಮಾಡಲಿಲ್ಲ.

ಕೊಳೆ ಬೇರೆ, ಮೈಲಿಗೆ ಬೇರೆ. ಕೊಳೆ ಸೋಪು ನೀರಿಗೆ ಹೋಗುತ್ತದೆ. ನರ್ಸ್ ಕೇಳಿದ್ದು ಅದನ್ನೇ: ತೊಳಿ, ಮುಟ್ಟು. ಮೈಲಿಗೆ ಎಷ್ಟು ತೊಳೆದರೂ ಹೋಗುವುದಿಲ್ಲ, ಅದಕ್ಕೆ ದಿನ ಎಣಿಸಬೇಕು. ಹಳಬರ ಹನ್ನೊಂದು ದಿನದಲ್ಲಿ ಒಂದು ಒಳ್ಳೆಯದೂ ಇತ್ತು ಅನ್ನಿ. ಬಾಣಂತಿಗೆ ಕೆಲಸ ಹೇಳುತ್ತಿರಲಿಲ್ಲ, ನೆಂಟರು ನುಗ್ಗುತ್ತಿರಲಿಲ್ಲ. ಆ ವಿಶ್ರಾಂತಿಯನ್ನು ಮೈಲಿಗೆ ಇಲ್ಲದೆಯೂ ಕೊಡಬಹುದು.

ಸಿದ್ಧಾರ್ಥನಿಗೆ ಏಳು ದಿನವಾದಾಗ ಮಹಾಮಾಯೆ ತೀರಿಕೊಂಡಳು, ಮಹಾಪ್ರಜಾಪತಿ ಗೋತಮಿ ಸಾಕಿದಳು. ಏಳನೇ ದಿನ. ಅರಮನೆಯಲ್ಲಿ ಪುರುಡು ಎಣಿಸುತ್ತ ಕುಳಿತಿದ್ದರೆ ಮಗುವನ್ನು ಎತ್ತಿಕೊಳ್ಳುವವರು ಯಾರು? ಮುಂದೆ ಅದೇ ಮಗು ಬುದ್ಧನಾಗಿ, ಭೇದಿಯಾಗಿ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಕಂಡಾಗ ಆನಂದನಿಂದ ನೀರು ತರಿಸಿ, ತಾನೇ ನೀರು ಹೊಯ್ದು, ಇಬ್ಬರೂ ಸೇರಿ ಎತ್ತಿ ಮಂಚಕ್ಕೆ ಹಾಕಿದ ಪ್ರಸಂಗ ವಿನಯಪಿಟಕದ ಮಹಾವಗ್ಗದಲ್ಲಿದೆ. ಮೆತ್ತ ಸುತ್ತದಲ್ಲಿ ಬರುವ ತಾಯಿಯ ಹೋಲಿಕೆಯನ್ನು ನಾವು ವಾರವಾರವೂ ಹೇಳುತ್ತೇವೆ. ನಾನು ಅದನ್ನು ಇಷ್ಟು ವರ್ಷ ಒಂದು ಉಪಮಾಲಂಕಾರ ಎಂದುಕೊಂಡೇ ಓದಿದ್ದೆ.

ಈ ಆರೈಕೆ ಶುರುವಾದದ್ದು 1978ರಲ್ಲಿ, ಕೊಲಂಬಿಯಾ ದೇಶದ ಬೊಗೋಟಾದ ಬಡವರ ಆಸ್ಪತ್ರೆಯಲ್ಲಿ. ಇನ್‌ಕ್ಯುಬೇಟರ್ ಸಾಲದೆ ಡಾ. ಎಡ್ಗರ್ ರೇ ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಸೇಂಟ್ ಜಾನ್ಸ್‌ನವರು ಸೇರಿ ಇದನ್ನು ಜಾರಿಗೆ ತಂದಿದ್ದಾರೆ. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಚರ್ಮದಡಿಯ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತವೆ. ದಿನಕ್ಕೆ 8ರಿಂದ 24 ಗಂಟೆ, ಹುಟ್ಟಿದ ಕೂಡಲೇ ಶುರುಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅಪ್ಪನ ಎದೆಯೂ ಆಗುತ್ತದೆ. ಮುಕ್ಕಾಲು ಗಂಟೆಯಲ್ಲಿ ನನ್ನ ಮಗಳ ಪಾದ ಬೆಚ್ಚಗಾಯಿತು.

ಮನೆಗೆ ಬಂದ ಮೇಲೆ ಜಗಳ ಬೇರೆ ಬೇರೆ. ಮೊದಲ ದಿನಗಳ ಹಳದಿ ಹಾಲು ಚೆಲ್ಲಬಾರದು, ಅದೇ ಮೊದಲ ರಕ್ಷಣೆ. ಜೇನು, ಸಕ್ಕರೆ ನೀರು, ಗ್ರೈಪ್ ವಾಟರ್ ಬೇಡ. ಆರು ತಿಂಗಳು ಎದೆಹಾಲೊಂದೇ. ಹೊಕ್ಕುಳಿಗೆ ಎಣ್ಣೆ ಅರಿಸಿನ ಹಚ್ಚದೆ ಒಣಗಲು ಬಿಡಿ. ಸಾಂಬ್ರಾಣಿ ಹೊಗೆಯಂತೂ ಬೇಡವೇ ಬೇಡ. ಬಾಣಂತಿಗೆ ನೀರು ಕೊಡದೆ ಒಣಗಿಸುವ ಪದ್ಧತಿಯನ್ನು ಅತ್ತೆ ತಾವಾಗಿಯೇ ಕೈಬಿಟ್ಟರು. ಮಗು ಹಾಲು ಕುಡಿಯುವುದು ಬಿಟ್ಟರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಮೈ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ತಾಯತ ಹುಡುಕದೆ 108ಕ್ಕೆ ಫೋನ್ ಮಾಡಿ.

ಬಾಬಾಸಾಹೇಬರ ಐದು ಮಕ್ಕಳಲ್ಲಿ ಉಳಿದದ್ದು ಯಶವಂತರೊಬ್ಬರೇ. ರಾಜರತ್ನ ತೀರಿಕೊಂಡದ್ದು 1926ರಲ್ಲಿ. ಎರಡು ವರ್ಷದ ನಂತರ, 1928ರ ಜುಲೈನಲ್ಲಿ, ಅವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಕಾರ್ಖಾನೆಯ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿದರು. ತಾಯಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಆ ಭಾರದಲ್ಲಿ ಸರ್ಕಾರಕ್ಕೂ ಪಾಲಿದೆ ಎಂಬುದು ಅವರ ವಾದ. 1929ರಲ್ಲಿ ಕಾಯ್ದೆಯಾಯಿತು. ಸತ್ತ ಮಕ್ಕಳ ಮಾತನ್ನು ಅವರು ಅಲ್ಲಿ ಎತ್ತಲಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರಾದ ನನಗೆ 15 ದಿನ ಪಿತೃತ್ವ ರಜೆ ಸಿಕ್ಕಿತು. ನಮ್ಮ ಮನೆಯಿಂದ ಮೂರನೇ ಬಾಗಿಲಿನ ಹುಡುಗಿ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಹೆತ್ತ ಇಪ್ಪತ್ತನೇ ದಿನಕ್ಕೆ ಕೆಲಸಕ್ಕೆ ಹೋದಳು. ಅವಳ ಬಗ್ಗೆ ನಮ್ಮ ಬಳಗ ಏನು ಮಾಡಬಹುದು ಎಂದು ಭಾನುವಾರ ಮಾತಾಡೋಣ.

ಒಂಬತ್ತನೇ ದಿನ ರಾತ್ರಿ ನನಗೆ ತೂಕಡಿಕೆ. ಅತ್ತೆ ಬಂದು, "ಕೊಡಿ ಇಲ್ಲಿ, ನಾನೂ ಎದೆಗೆ ಹಾಕ್ಕೋತೀನಿ. ಕೈ ತೊಳೆದಿದೀನಿ" ಅಂದರು. ಹನ್ನೊಂದನೇ ದಿನ ಬಂದಾಗ ಅದು ಯಾರಿಗೂ ನೆನಪಿರಲಿಲ್ಲ. ಬಜೆ ಬಳೆ ಮಾತ್ರ ಕಟ್ಟಿಯೇ ಕಟ್ಟಿದರು, ಆ ವಿಷಯದಲ್ಲಿ ನಾನು ಸೋತೆ.

ನಿನ್ನೆ ತೂಗಿಸಿದೆವು, 2 ಕೆಜಿ 250 ಗ್ರಾಂ. ಭಾನುವಾರದ ಅಧ್ಯಯನ ನಮ್ಮ ಮನೆಯಲ್ಲೇ. ಬಾಗಿಲ ಹತ್ತಿರ ಸೋಪು ಇಟ್ಟಿರುತ್ತೇನೆ. ನೆಗಡಿ ಕೆಮ್ಮು ಇದ್ದವರು ಮುಂದಿನ ವಾರ ಬನ್ನಿ.

ಜೈ ಭೀಮ್, ನಮೋ ಬುದ್ಧಾಯ.