ಎಷ್ಟು ಪುಟ ಇರಬೇಕು ಮೇಡಂ?

ಎಂ.ಎಸ್ಸಿ. ಗಣಿತದ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಸೆಮಿನಾರ್ ಶುರುವಾದಾಗ ಹುಡುಗರು ಕೇಳುವ ಪ್ರಶ್ನೆಗಳು ಪ್ರತಿವರ್ಷ ಒಂದೇ. ಎಷ್ಟು ಪುಟ ಇರಬೇಕು? ಬೈಂಡಿಂಗ್ ಯಾವ ಬಣ್ಣ? ಪಿಪಿಟಿಗೆ ಎಷ್ಟು ಸ್ಲೈಡು? ಸೀನಿಯರ್ಸ್ ರಿಪೋರ್ಟ್ ಒಂದಿದ್ದರೆ ಕೊಡ್ತೀರಾ ಮೇಡಂ? ಯಾವ ಥರದ ಸಮಸ್ಯೆ ಹಿಡಿದುಕೊಳ್ಳಬೇಕು ಎಂದು ಕೇಳುವವರು ಅಪರೂಪ. ಇದಕ್ಕೆ ಮಕ್ಕಳನ್ನು ಬೈಯುವುದು ಸುಲಭ. ಆದರೆ ಅವರು ಒಂದನೇ ಕ್ಲಾಸಿನಿಂದ ಕಲಿತದ್ದನ್ನೇ ಒಪ್ಪಿಸುತ್ತಿದ್ದಾರೆ: ಅಂಕ ಎಲ್ಲಿದೆಯೋ ಶ್ರಮ ಅಲ್ಲಿ. ನಮ್ಮಲ್ಲಿ ಅಂಕವೆಲ್ಲ ಇದ್ದದ್ದು ದಪ್ಪ ರಟ್ಟಿನ ರಿಪೋರ್ಟಿಗೆ. ಹಾಗಾಗಿ ಕೊನೆಯ ವಾರ ಝೆರಾಕ್ಸ್ ಅಂಗಡಿಯಲ್ಲಿ ಮಾತ್ರ ಗಣಿತ ಭರದಿಂದ ನಡೆಯುತ್ತಿತ್ತು.

ಈಗ ಮೊದಲ ತರಗತಿಯಲ್ಲೇ ಅಂಕಗಳ ಹಂಚಿಕೆಯನ್ನು ಬೋರ್ಡಿನ ಮೇಲೆ ಬರೆದುಬಿಡುತ್ತೇನೆ. ನೂರರಲ್ಲಿ ರಿಪೋರ್ಟಿಗೆ 20. ವಾರವಾರ ತಂದು ತೋರಿಸಬೇಕಾದ ರಫ್ ನೋಟ್‌ಬುಕ್ಕಿಗೆ 30. ಕರಡನ್ನು ತಿದ್ದಿಸಿಕೊಂಡು ಮತ್ತೆ ಬರೆದದ್ದಕ್ಕೆ 15. ಸೀಮೆಸುಣ್ಣ ಹಿಡಿದು ಕೊಡುವ ಸೆಮಿನಾರಿಗೆ 10, ವೈವಾಕ್ಕೆ 25. ನೋಟ್‌ಬುಕ್ಕಿಗೇ ಎಲ್ಲಕ್ಕಿಂತ ಹೆಚ್ಚು ಎಂದ ಕೂಡಲೇ ತರಗತಿಯಲ್ಲಿ ನಗು. ಪರೀಕ್ಷೆಯಲ್ಲಿ ಕೊನೆಯ ಪುಟದಲ್ಲಿ ರಫ್ ವರ್ಕ್ ಮಾಡಿ, ಅದರ ಮೇಲೆ ಅಡ್ಡಗೆರೆ ಎಳೆದು ಬಂದವರು ಅವರು. ಗೆರೆ ಎಳೆದದ್ದಕ್ಕೇ ಅಂಕ ಎಂದರೆ ಹೇಗೆ ನಂಬುತ್ತಾರೆ? ನನ್ನ ಷರತ್ತುಗಳು ಎರಡೇ: ಹಾಳೆ ಹರಿಯಬಾರದು, ಪ್ರತಿ ವಾರದ ಕೊನೆಗೆ ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿರಬೇಕು.

ಇದರ ಪರೀಕ್ಷೆ ನಡೆದದ್ದು ಇಬ್ಬರು ವಿದ್ಯಾರ್ಥಿಗಳು ಒಂದೇ ವಿಷಯ ಆರಿಸಿಕೊಂಡ ವರ್ಷ. ವಿಷಯ, ಕಾಪ್ರೇಕರ್ ಅವರ 6174. ನಾಸಿಕದ ಹತ್ತಿರದ ದೇವಲಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ.ರಾ. ಕಾಪ್ರೇಕರ್ 1949ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ಸಂಖ್ಯೆ ಅದು. ಎಲ್ಲ ಅಂಕಿಯೂ ಒಂದೇ ಆಗಿರದ ನಾಲ್ಕಂಕಿಯ ಯಾವುದೇ ಸಂಖ್ಯೆ ತೆಗೆದುಕೊಳ್ಳಿ, 3524 ಎನ್ನಿ. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿದರೆ 5432, ಏರಿಕೆಯಲ್ಲಿ 2345. ಕಳೆದರೆ 3087. ಅದನ್ನೇ ಮತ್ತೆ ಮಾಡಿದರೆ 8352, ಮತ್ತೆ ಮಾಡಿದರೆ 6174. ಅಲ್ಲಿಂದ ಮುಂದೆ ಎಷ್ಟು ಕಳೆದರೂ 6174ನ್ನು ಬಿಟ್ಟು ಕದಲುವುದಿಲ್ಲ.

ಹುಡುಗ ಪೈಥಾನ್ ಬಲ್ಲವನು. ಮುಂದಿನ ಸೊನ್ನೆಗಳನ್ನೂ ಲೆಕ್ಕಕ್ಕೆ ಹಿಡಿದು 9,990 ಸಂಖ್ಯೆಗಳನ್ನೂ ಓಡಿಸಿದ. ಯಾವುದಕ್ಕೂ ಏಳಕ್ಕಿಂತ ಹೆಚ್ಚು ಹೆಜ್ಜೆ ಬೇಕಾಗಲಿಲ್ಲ. ಬಣ್ಣಬಣ್ಣದ ಗ್ರಾಫು, ಅಚ್ಚುಕಟ್ಟಾದ ಕೋಷ್ಟಕ. ಇದು ಸಾಧನೆಯೇ ಅಲ್ಲ ಎಂದು ಮೂಗು ಮುರಿಯುವ ಸಹೋದ್ಯೋಗಿಗಳಿದ್ದಾರೆ. ನಾನು ಹಾಗೆನ್ನುವುದಿಲ್ಲ. ಇರುವ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಸಂಶಯಕ್ಕೆ ಜಾಗ ಎಲ್ಲಿದೆ?

ಹುಡುಗಿಗೆ ಕೋಡಿಂಗ್ ಬರುತ್ತಿರಲಿಲ್ಲ. ಕೈಯಲ್ಲೇ ಕಳೆಯುತ್ತ ಕೂತವಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಉತ್ತರವನ್ನು ನಿರ್ಧರಿಸುವವು ಎರಡೇ ವ್ಯತ್ಯಾಸಗಳು: ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ನಡುವಿನದು, ಉಳಿದೆರಡು ಅಂಕಿಗಳ ನಡುವಿನದು. ಅಂದರೆ 9,990 ಸಂಖ್ಯೆಗಳನ್ನು ನೋಡಬೇಕಿಲ್ಲ, 54 ಜೋಡಿ ನೋಡಿದರೆ ಸಾಕು. ನೋಡಿದಳು. ಎರಡು ಸಾಲಿನಲ್ಲಿ ದಶಕ ತೆಗೆದುಕೊಳ್ಳುವುದನ್ನು ಮರೆತಿದ್ದಳು, ಅದು ಬೇರೆ ಮಾತು. ಆಮೇಲೆ, ಹತ್ತರ ಬದಲು ಐದರ ಆಧಾರದಲ್ಲಿ ಎಣಿಸಿದರೆ ಏನಾಗುತ್ತದೆ ಎಂದು ಅವಳಾಗಿಯೇ ಕೇಳಿಕೊಂಡಳು. ಅಲ್ಲಿ ಹದಿನಾಲ್ಕೇ ಜೋಡಿ. ಎಲ್ಲವೂ ನಾಲ್ಕು ಹೆಜ್ಜೆಯೊಳಗೆ 3032ಕ್ಕೆ ಬಂದು ನಿಂತವು. ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದಳು: ಎಲ್ಲ ಆಧಾರಗಳಲ್ಲೂ ಹೀಗೇ.

ಮುಂದಿನ ವಾರ ಮುಖ ಸಣ್ಣ ಮಾಡಿಕೊಂಡು ಬಂದಳು. ಆರರ ಆಧಾರದಲ್ಲಿ 3043ರಿಂದ ಹೊರಟರೆ 3552, 3133, 1554, 4042, 4132, ಮತ್ತೆ 3043. ನಿಲ್ಲುವುದೇ ಇಲ್ಲ, ಆರು ಸಂಖ್ಯೆಗಳ ನಡುವೆ ಗಿರಕಿ.

“ಆರರಲ್ಲಿ ಕೆಟ್ಟೋಯ್ತು ಮೇಡಂ. ಆ ಚಾಪ್ಟರ್ ತೆಗೆದುಬಿಡ್ಲಾ?”

“ತೆಗೆದ್ರೆ ಮಾರ್ಕ್ಸ್ ಕಟ್ ಮಾಡ್ತೀನಿ ಕಣಮ್ಮ.”

ಹಳೆಯ ಹಂಚಿಕೆಯಲ್ಲಾಗಿದ್ದರೆ ಹುಡುಗನೇ ಮೇಲು. ಹೊಸದರಲ್ಲಿ ಹುಡುಗಿ ಬಹಳ ಮುಂದೆ ಹೋದಳು. ಅವನು ಬಂದು ಕಾರಣ ಕೇಳಿದ, ಕೇಳುವ ಹಕ್ಕು ಅವನಿಗಿತ್ತು. ಕಂಪ್ಯೂಟರ್ ಬಳಸಿದ್ದಕ್ಕೆ ಒಂದಂಕವೂ ಹೋಗಿರಲಿಲ್ಲ. ಅವನ ನೋಟ್‌ಬುಕ್ ತೆರೆದು ತೋರಿಸಿದೆ: ಪ್ರೋಗ್ರಾಂ ಓಡಿದ ದಿನವೇ ಅವನ ಪ್ರಶ್ನೆಗಳೂ ನಿಂತಿದ್ದವು. ಏಳೇ ಏಕೆ, ಐದಂಕಿಗೆ ಏನಾಗುತ್ತದೆ, ಯಾವುದೂ ಇರಲಿಲ್ಲ. ಅಷ್ಟು ಒಳ್ಳೆಯ ಉಪಕರಣ ಕೈಯಲ್ಲಿದ್ದವನು ಅರ್ಧ ಗಂಟೆಯಲ್ಲಿ ಅವಳಿಗಿಂತ ದೂರ ಹೋಗಬಹುದಿತ್ತು.

ಹುಡುಗಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಆರರ ಅಧ್ಯಾಯ ತಿರುವಿ, “ಹಾಗಾದರೆ ನಿಮ್ಮ ಊಹೆ ಸುಳ್ಳಾಯಿತಲ್ಲ, ರಿಸಲ್ಟ್ ಏನು?” ಎಂದು ಕೇಳಿ ಅಂಕ ಇಳಿಸಿದರು. ಊಹೆ ಸುಳ್ಳೆಂದು ತೋರಿಸಿದ್ದೇ ರಿಸಲ್ಟ್ ಎಂದು ಅವಳಿಗೆ ಗಟ್ಟಿಯಾಗಿ ಹೇಳಲಾಗಲಿಲ್ಲ. ಆ ಪರೀಕ್ಷಕರ ತಪ್ಪೆಂದೂ ನಾನು ಪೂರ್ತಿ ಹೇಳಲಾರೆ. ಅವರ ಕೈಗೆ ಬಂದದ್ದು ರಿಪೋರ್ಟ್ ಒಂದೇ. ವಿದ್ಯಾರ್ಥಿಗಳಿಗೆ ಹೇಳಿದ ನಿರೀಕ್ಷೆಯನ್ನು ಹೊರಗಿನಿಂದ ಬರುವವರಿಗೂ ಹೇಳಬೇಕು. ಈಗ ರಿಪೋರ್ಟಿನ ಜತೆ ಒಂದು ಪುಟದ ಅಂಕ ಹಂಚಿಕೆ, ನೋಟ್‌ಬುಕ್ಕಿನ ಆಯ್ದ ಹಾಳೆಗಳು ಮೊದಲೇ ಅವರಿಗೆ ಹೋಗುತ್ತವೆ.

ವೈವಾಕ್ಕೆ 25 ಅಂಕ ಇಟ್ಟಿರುವುದಕ್ಕೂ ಒಂದು ಕಾರಣವಿದೆ. ಭಾಸ್ಕರಾಚಾರ್ಯರ ಚಕ್ರವಾಲ ವಿಧಾನ ಪ್ರತಿವರ್ಷ ಯಾರಾದರೂ ಒಬ್ಬರ ಪಾಲಿಗೆ ಬರುತ್ತದೆ. ಒಂದು ವರ್ಗಸಂಖ್ಯೆಯ 61 ಪಟ್ಟಿಗೆ 1 ಕೂಡಿಸಿದರೆ ಇನ್ನೊಂದು ವರ್ಗ ಬರಬೇಕು. ಪೂರ್ಣಾಂಕಗಳಲ್ಲಿ ಅತಿ ಚಿಕ್ಕ ಉತ್ತರ 226153980 ಮತ್ತು 1766319049. ಭಾಸ್ಕರರು 1150ರಲ್ಲೇ ಬಿಡಿಸಿದ ಇದೇ ಲೆಕ್ಕವನ್ನು 1657ರಲ್ಲಿ ಫರ್ಮಾ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಹಾಕಿದ. ಇಷ್ಟು ಸಂಗತಿಯನ್ನು ಇಪ್ಪತ್ತು ಪುಟಕ್ಕೆ ಹಿಗ್ಗಿಸಲು ಹಿಂದೆ ಎರಡು ಪುಸ್ತಕವಾದರೂ ತೆರೆಯಬೇಕಿತ್ತು. ಈಗ ಚಾಟ್‌ಜಿಪಿಟಿ ಒಂದು ಟೀ ಮುಗಿಯುವುದರೊಳಗೆ ಕೊಡುತ್ತದೆ. ಅದನ್ನು ಹಿಡಿಯಲು ಸಾಫ್ಟ್‌ವೇರ್ ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ. “61 ಬಿಡಪ್ಪ, 13ಕ್ಕೆ ಮಾಡು” ಎಂದು ಸೀಮೆಸುಣ್ಣ ಕೊಡುತ್ತೇನೆ.

ಒಬ್ಬ ಹುಡುಗ 4 ಮತ್ತು 1ರಿಂದ ಹೊರಟು, 7 ಮತ್ತು 2ಕ್ಕೆ ಬಂದು, 18 ಮತ್ತು 5ಕ್ಕೆ ನಿಂತ. 18ರ ವರ್ಗ 324, 5ರ ವರ್ಗದ 13 ಪಟ್ಟು 325. “ಮೈನಸ್ ಒಂದು ಬಂತು ಮೇಡಂ, ಎಲ್ಲೋ ತಪ್ಪಿದೆ.” ನಾನು ಸುಮ್ಮನಿದ್ದೆ. ಗೈಡ್ ಆದವರಿಗೆ ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ನಿಜಕ್ಕೂ ಕಷ್ಟ. ಸ್ವಲ್ಪ ಹೊತ್ತಿಗೆ ಅವನೇ, “ಇಲ್ಲ ಇಲ್ಲ, ಇದನ್ನ ಇದರ ಜೊತೇಲೇ ಭಾವನಾ ಮಾಡಿದ್ರೆ ಪ್ಲಸ್ ಆಗುತ್ತೆ” ಎಂದು ಬ್ರಹ್ಮಗುಪ್ತನ ಭಾವನಾ ಸೂತ್ರ ಹಚ್ಚಿ 649 ಮತ್ತು 180ನ್ನು ಬರೆದ. ಅವನ ರಿಪೋರ್ಟಿನ ಇಂಗ್ಲಿಷ್ ಸವೆದ ಚಪ್ಪಲಿಯ ಹಾಗೆ ಎಳೆಯುತ್ತಿತ್ತು. ಬೋರ್ಡಿನ ಮುಂದೆ ಕನ್ನಡದಲ್ಲಿ ಅವನಿಗೆ ತಡವರಿಕೆಯೇ ಇರಲಿಲ್ಲ. ಸೆಮಿನಾರ್, ವೈವಾ ಎರಡನ್ನೂ ಬೇಕಾದವರು ಕನ್ನಡದಲ್ಲಿ ಕೊಡಬಹುದು ಎಂಬ ನಿಯಮವನ್ನು ಅಂದಿನಿಂದ ಬರವಣಿಗೆಯಲ್ಲೇ ಕೊಡುತ್ತಿದ್ದೇನೆ.

ಇಂಟರ್ನಲ್ಸ್‌ನಲ್ಲಿ ಕಡಿಮೆ ಕೊಟ್ಟರೆ ಏನಾಗುತ್ತದೆಂದು ಅಧ್ಯಾಪಕರಿಗೆಲ್ಲ ಗೊತ್ತು: ಮೊದಲು ವಿದ್ಯಾರ್ಥಿ, ಆಮೇಲೆ ಅಪ್ಪ, ಕೊನೆಗೆ ಮೇಲಿನವರ ಫೋನು. ತಿಂಗಳಿಗೊಮ್ಮೆ ನೋಟ್‌ಬುಕ್ಕಿನ ಅಂಕವನ್ನು ಬರೆದು ಸಹಿ ಹಾಕಿಸಿಕೊಳ್ಳುವುದರಿಂದ ಈ ಮೆರವಣಿಗೆ ಬಹುಮಟ್ಟಿಗೆ ನಿಂತಿದೆ.

ಸರಿಹೋಗದೆ ಉಳಿದಿರುವುದು ಜೋಡಿ ಪ್ರಾಜೆಕ್ಟು. ಇಬ್ಬರಿಗೂ ಒಂದೇ ಅಂಕ ಕೊಟ್ಟರೆ ಒಬ್ಬರು ದುಡಿಯುತ್ತಾರೆ, ಒಬ್ಬರು ಸವಾರಿ ಮಾಡುತ್ತಾರೆ. ಅದಕ್ಕೆ ವೈವಾದಲ್ಲಿ ಒಬ್ಬರ ಅಧ್ಯಾಯವನ್ನು ವಿವರಿಸಲು ಇನ್ನೊಬ್ಬರಿಗೆ ಹೇಳುತ್ತೇನೆ. ಹಾಗೆ ಕೇಳಿದಾಗ ಬಾಯಿಬಿಡದ ಒಬ್ಬಳು ಹೊರಗೆ ಬಂದು, “ರಾತ್ರಿಯೆಲ್ಲ ಕೂತು ಲ್ಯಾಟೆಕ್‌ನಲ್ಲಿ ಟೈಪ್ ಮಾಡಿದ್ದು ನಾನೇ ಮೇಡಂ, ಅದು ಕೆಲಸ ಅಲ್ವಾ?” ಎಂದಳು. ಕೆಲಸವೇ. ಈ ಸೆಮಿಸ್ಟರಿನಿಂದ ರಿಪೋರ್ಟಿನ 20ರಲ್ಲಿ 4 ಅಂಕವನ್ನು ಅದಕ್ಕೆಂದೇ ಬೇರೆ ಇಟ್ಟಿದ್ದೇನೆ. ಯಾವ ಭಾಗ ಯಾರು ಯೋಚಿಸಿದರು, ಯಾರು ಟೈಪ್ ಮಾಡಿದರು ಎಂಬುದನ್ನು ಅವರೇ ಬರೆದು, ಇಬ್ಬರೂ ಸಹಿ ಮಾಡಿ ಕೊಡಬೇಕು.