ವೃತ್ತಿ ಪರಿಚಯ: ಕಲಿಕೆಗೂ ಏಳಿಗೆಗೂ ದಾರಿ

ಉದ್ಯೋಗವನ್ನರಸಿ ಮುಂಬೈ, ಪುಣೆ, ಚೆನ್ನೈ, ಹೈದರಾಬಾದು ಅಥವಾ ದೆಹಲಿಗೆ ಬಂದ ಕನ್ನಡಿಗರಿಗೆ ಮೊದಲ ಆಸರೆ ಸಾಮಾನ್ಯವಾಗಿ ಬಂಧುಗಳು ಮತ್ತು ಊರಿನವರು. ತಂಗಲು ಜಾಗ, ಊಟದ ಏರ್ಪಾಡು, ಮೊದಲ ಕೆಲಸ ಬಹುಮಟ್ಟಿಗೆ ಅವರಿಂದಲೇ ಒದಗುತ್ತವೆ. ಆದರೆ ಹಲವು ವರ್ಷ ಕಳೆದ ಮೇಲೂ ಅದೇ ಹುದ್ದೆಯಲ್ಲಿ ನಿಂತುಬಿಟ್ಟವರು ಅನೇಕರಿದ್ದಾರೆ. ಅವರ ಶ್ರಮದಲ್ಲಿ ಕೊರತೆಯಿದೆ ಎನ್ನಲಾಗದು. ಹೊಸ ಅವಕಾಶಗಳ ಸುದ್ದಿ ಅವರನ್ನು ತಲಪುವುದೇ ಇಲ್ಲ. ಅದನ್ನು ತಲಪಿಸಿಕೊಳ್ಳುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಸುದ್ದಿ ತರುವವರು ಯಾರು?

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ನಗರದ ಹೊರವಲಯದಲ್ಲಿ, ಆಗಷ್ಟೇ ಕೆಲಸ ಬದಲಿಸಿದ್ದವರನ್ನು ವಿಚಾರಿಸಿ 1973ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ, ಆ ಪರಿಚಿತರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದ 83 ಮಂದಿ ಅವರನ್ನು ಆಗೊಮ್ಮೆ ಈಗೊಮ್ಮೆ ಅಥವಾ ಬಲು ಅಪರೂಪಕ್ಕೆ ಕಾಣುತ್ತಿದ್ದರು. ಇದರ ಕಾರಣ ಸರಳ. ಆಪ್ತರಿಗೆ ತಿಳಿದಿರುವುದು ಬಹುಪಾಲು ನಮಗೂ ತಿಳಿದಿರುತ್ತದೆ. ದೂರದ ಪರಿಚಿತರು ಬೇರೆ ವಲಯದಲ್ಲಿ ಓಡಾಡುವುದರಿಂದ ನಾವು ಕೇಳಿರದ ಸುದ್ದಿಯನ್ನು ತರಬಲ್ಲರು.

ಆ ಅಧ್ಯಯನದ ಗುಂಪು ಚಿಕ್ಕದಾಗಿತ್ತು. ಲಿಂಕ್ಡ್‌ಇನ್ ಎಂಬ ವೃತ್ತಿಪರ ಜಾಲತಾಣದ 2 ಕೋಟಿಗೂ ಹೆಚ್ಚು ಬಳಕೆದಾರರನ್ನು ಕುರಿತ ಸಂಶೋಧನೆಯೊಂದು 2022ರಲ್ಲಿ ಪ್ರಕಟವಾಯಿತು. ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುವವರು ತೀರ ಆಪ್ತರೂ ಅಲ್ಲದ, ತೀರ ದೂರದವರೂ ಅಲ್ಲದ ಪರಿಚಿತರು ಎಂಬುದು ಅದರಿಂದ ತಿಳಿದುಬಂದಿತು.

ಪರಿಚಯ ಬೇರೆ, ವಶೀಲಿ ಬೇರೆ

ಪರಿಚಯ ಬೆಳೆಸುವುದೆಂದರೆ ವಶೀಲಿ ಹಚ್ಚುವುದೆಂದು ಸಂಕೋಚಪಡುವವರುಂಟು. ಅರ್ಹತೆ ಇಲ್ಲದವರಿಗೆ ಸ್ಥಾನ ದೊರಕಿಸುವುದು ವಶೀಲಿ. ಅರ್ಹರಿಗೆ ಸುದ್ದಿಯನ್ನೂ ತಿಳಿವಳಿಕೆಯನ್ನೂ ಮುಟ್ಟಿಸುವುದು ಪರಿಚಯ. ಸರ್ಕಾರಿ ನೇಮಕಾತಿಯಲ್ಲಿ ಪ್ರಭಾವ ಬೀರಲು ಯತ್ನಿಸುವ ಅಭ್ಯರ್ಥಿ ಅನರ್ಹನಾಗುವನೆಂಬ ಷರತ್ತನ್ನು ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕಾಣಬಹುದು. ಆದರೆ ಪರೀಕ್ಷೆಗೆ ಸಿದ್ಧತೆ ಹೇಗೆಂದು ಅನುಭವಿಗಳನ್ನು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಪರಿಚಯ ಬೆಳೆಸುವ ಬಗೆ

1. ಕೆಲಸ ಕೇಳುವ ಮೊದಲು ಕಲಿಕೆಯನ್ನು ಕೇಳಿರಿ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು ಹೊಸ ಪದ್ಧತಿಯನ್ನು ಕಲಿಯಬೇಕಾಯಿತು. ಅಂಥವರು ಲೆಕ್ಕಪರಿಶೋಧಕರ ಬಳಿ "ಎಲ್ಲಾದರೂ ಕೆಲಸ ಕೊಡಿಸಿ" ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಯಾವುದು, ಸ್ವಾಮಿ?" ಎಂದರೆ ಮಾತು ಬೆಳೆಯುತ್ತದೆ, ವಿದ್ಯೆಯೂ ಬೆಳೆಯುತ್ತದೆ.

2. ತಮ್ಮ ವಿದ್ಯಾರ್ಹತೆ, ಈಗಿನ ಕೆಲಸ ಮತ್ತು ಕಲಿಯಬಯಸುವ ವಿಷಯವನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಹೇಳಲು ಅಭ್ಯಾಸ ಮಾಡಿರಿ.

3. ಸಲಹೆ ನೀಡಿದವರಿಗೆ, ಅದರಿಂದ ಏನಾಯಿತೆಂಬುದನ್ನು ಮರೆಯದೆ ತಿಳಿಸಿರಿ. ಅಗತ್ಯ ಬಿದ್ದಾಗ ಮಾತ್ರ ನೆನೆಯುವ ಪರಿಚಯ ಬಾಳದು.

4. ತಮಗೆ ತಿಳಿದ ಸುದ್ದಿಯನ್ನು ಇತರರಿಗೂ ಹೇಳಿರಿ. ಕೊಡುವವರಿಗೇ ಕೊಡುವ ಮನಸ್ಸು ಎಲ್ಲರಿಗೂ ಬರುತ್ತದೆ.

ನಮ್ಮವರ ವಲಯ ಮತ್ತು ಅದರಾಚೆ

ಹಗಲು ಹೋಟೆಲುಗಳಲ್ಲಿ ದುಡಿದು, ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರು ಬಹು ಮಂದಿ. 1926ರಲ್ಲಿ ಆ ನಗರದಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್‌ನಂತಹ ಸಂಸ್ಥೆಗಳು ಬೇರೆ ಬೇರೆ ವೃತ್ತಿಯ ಕನ್ನಡಿಗರನ್ನು ಒಂದೆಡೆ ಸೇರಿಸಿವೆ. ಅಲ್ಲಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿಗೇ ನಿಲ್ಲುವುದು ಸಲ್ಲದು. ನೆಲೆಸಿದ ಊರಿನ ಭಾಷೆಯನ್ನು ಕಲಿತು, ಅಲ್ಲಿನ ತರಬೇತಿ ಶಿಬಿರ, ವೃತ್ತಿ ಸಂಘ ಮತ್ತು ಗ್ರಂಥಾಲಯಗಳಿಗೂ ಹೋಗಬೇಕು.

ಎಚ್ಚರಿಕೆಯ ಮಾತು

ಕೆಲಸ ಕೊಡಿಸುವುದಾಗಿ ಹೇಳಿ ಮುಂಗಡ ಹಣ ಕೇಳುವವರನ್ನು ನಂಬಬಾರದು, ಅವರು ನಮ್ಮ ಊರಿನವರೇ ಆಗಿದ್ದರೂ ಸರಿ. ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಉದ್ಯೋಗಾರ್ಥಿಗಳ ನೋಂದಣಿ ಉಚಿತ.

ಅಭ್ಯಾಸ

ವರ್ಷದಿಂದ ಮಾತನಾಡಿಸದ ಐವರು ಪರಿಚಿತರ ಹೆಸರು ಬರೆಯಿರಿ. ಅವರಲ್ಲಿ ಒಬ್ಬರಿಗೆ ಈ ವಾರವೇ ಕುಶಲ ವಿಚಾರಿಸಿ ಪತ್ರ ಬರೆಯಿರಿ ಅಥವಾ ದೂರವಾಣಿಯಲ್ಲಿ ಮಾತನಾಡಿರಿ. ಆ ದಿನ ಅವರಿಂದ ಏನನ್ನೂ ಬೇಡದಿರಿ.