ಬೇಸಿಗೆಯ ಕಲಾ ಶಿಬಿರಕ್ಕೆ ಎಷ್ಟು ಕೊಡಬಹುದು?

ಫೆಬ್ರುವರಿ ಮುಗಿಯುತ್ತ ಬಂದಂತೆ ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರ ಮಾತು ಪರೀಕ್ಷೆಯಿಂದ ರಜೆಯ ಕಡೆಗೆ ಹೊರಳುತ್ತದೆ. ಎಂಜಿನಿಯರಿಂಗ್ ಬಯಸುವವರ ದಾರಿ ಎಲ್ಲರಿಗೂ ಗೊತ್ತಿದೆ. ಸಿಇಟಿ, ಜೆಇಇ, ಅದಕ್ಕೊಂದು ಕೋಚಿಂಗ್, ಅದಕ್ಕಿಷ್ಟು ಹಣ. ಮಗಳು ಚಿತ್ರ ಬರೆಯುತ್ತಾಳೆ, ಡಿಸೈನ್ ಓದುತ್ತೇನೆ ಅನ್ನುತ್ತಾಳೆ ಎಂಬ ಮನೆಯಲ್ಲಿ ಇಂಥ ಸಿದ್ಧ ಲೆಕ್ಕ ಸಿಗುವುದಿಲ್ಲ. ನಮ್ಮದು ಅಂಥ ಮನೆ. ಪ್ರಥಮ ಪಿಯುಸಿ ಮುಗಿದು ದ್ವಿತೀಯ ಪಿಯುಸಿ ಶುರುವಾಗುವ ನಡುವಿನ ಆ ಒಂದೇ ಬೇಸಿಗೆಗೆ ಎಷ್ಟು ಖರ್ಚು ಮಾಡಬೇಕು, ಯಾರಿಗೆ ಕೊಡಬೇಕು ಎಂದು ನಾನೂ ನನ್ನ ಗಂಡನೂ ವಾರಗಟ್ಟಲೆ ಮಾತಾಡಿದೆವು.

ಮಾತಾಡುತ್ತ ನನಗೆ ಸ್ಪಷ್ಟವಾದದ್ದು ಇಷ್ಟು: ಶಿಬಿರದ ಶುಲ್ಕವನ್ನು ಅದರ ಪಾಡಿಗೆ ಇಟ್ಟು ನೋಡಿದರೆ ಅದು ದುಬಾರಿಯೋ ಅಗ್ಗವೋ ಎಂದು ಹೇಳಲು ಬರುವುದಿಲ್ಲ. ಅದರ ಹಿಂದೆ ನಿಂತಿರುವ ನಾಲ್ಕು ವರ್ಷದ ಪದವಿಯ ಪಕ್ಕದಲ್ಲಿಟ್ಟು ನೋಡಬೇಕು. ಖಾಸಗಿ ಡಿಸೈನ್ ಕಾಲೇಜೊಂದರ ಶುಲ್ಕ ವರ್ಷಕ್ಕೆ 4 ಲಕ್ಷ ಎಂದಿಟ್ಟುಕೊಳ್ಳಿ. ಹಾಸ್ಟೆಲ್, ಲ್ಯಾಪ್‌ಟಾಪ್, ಸಾಮಗ್ರಿ ಬಿಟ್ಟು 16 ಲಕ್ಷ ಆಯಿತು. ಅದರ ಮುಂದೆ 25,000 ರೂಪಾಯಿಯ ಶಿಬಿರ ಶೇ 2ರಷ್ಟೂ ಇಲ್ಲ. ಈ ಬದುಕು ತನಗೆ ಒಗ್ಗುತ್ತದೆಯೇ ಎಂದು ಮಗುವಿಗೆ ತಿಳಿಯುವುದಾದರೆ ಆ ಹಣ ಕೊಡಬಹುದು. ಅದು ತಿಳಿಯದೆ ಸರ್ಟಿಫಿಕೇಟು ಮಾತ್ರ ಕೈಗೆ ಬರುವುದಾದರೆ 5,000 ಕೊಟ್ಟರೂ ಹೆಚ್ಚೇ.

ನಮ್ಮ ಉತ್ತರ ಬೆಂಗಳೂರಿನಲ್ಲಿ ಡಿಸೈನ್ ಕಾಲೇಜುಗಳ ಆಯ್ಕೆಗೆ ಕೊರತೆ ಇಲ್ಲ. 1996ರಲ್ಲಿ ಶುರುವಾಗಿ ಈಗ ಮಣಿಪಾಲ್ ಅಕಾಡೆಮಿಯ ಭಾಗವಾಗಿರುವ ಸೃಷ್ಟಿ ಯಲಹಂಕ ಉಪನಗರದಲ್ಲೇ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ ಯಶವಂತಪುರದ ಹತ್ತಿರ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಎನ್‌ಐಡಿ ಮನೆ ಹತ್ತಿರವೇ ಇದೆ, ಸೀಟು ಸಿಕ್ಕರೆ ಹಾಸ್ಟೆಲ್ ಖರ್ಚು ಉಳಿಯಿತು ಎಂದು ಲೆಕ್ಕ ಹಾಕುವ ಬಹಳ ಜನರನ್ನು ನಾನು ನೋಡಿದ್ದೇನೆ. ಆದರೆ ಬೆಂಗಳೂರು ಕ್ಯಾಂಪಸ್ಸಿನಲ್ಲಿರುವುದು ಸ್ನಾತಕೋತ್ತರ ಎಂ.ಡಿಸ್ ಮಾತ್ರ. ಪಿಯುಸಿ ಮುಗಿಸಿದವರು ಸೇರುವ ಬಿ.ಡಿಸ್‌ಗೆ ಅಹಮದಾಬಾದಿಗೋ, ಆಂಧ್ರ, ಹರಿಯಾಣ, ಮಧ್ಯಪ್ರದೇಶ, ಅಸ್ಸಾಂನ ಎನ್‌ಐಡಿಗಳಿಗೋ ಹೋಗಬೇಕು. ಹಾಗಾಗಿ ಹಾಸ್ಟೆಲ್ಲು, ರೈಲು, ವಿಮಾನದ ಹಣವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಸೇರಿಸಿ.

ಡಿಸೈನ್ ಬಿಟ್ಟು ಚಿತ್ರಕಲೆಯನ್ನೇ ಓದುವ ಮನಸ್ಸಿದ್ದರೆ ದಾರಿ ಬೇರೆ. ಎಂ.ಎಸ್. ನಂಜುಂಡರಾಯರು ಕಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿದೆ, ನಮಗೆ ಮೇಖ್ರಿ ವೃತ್ತ ದಾಟಿದರೆ ಹತ್ತಿರ. ಆರ್.ಎಂ. ಹಡಪದ ಅವರ ಕೆನ್ ಕಲಾಶಾಲೆ ಶೇಷಾದ್ರಿಪುರದಲ್ಲಿ ತಲೆಮಾರುಗಳ ಕಲಾವಿದರನ್ನು ಬೆಳೆಸಿತು. ಮೈಸೂರಿನಲ್ಲಿ ಕಾವಾ ಎಂಬ ಕಲಾ ಕಾಲೇಜು ಇದೆ. ಲಕ್ಷಗಳ ಲೆಕ್ಕಕ್ಕೆ ಹೆದರಿ ಮಗುವಿನ ಆಸೆಯನ್ನೇ ಬದಿಗೆ ಸರಿಸುವ ಮೊದಲು ಈ ಬಾಗಿಲುಗಳನ್ನು ತಟ್ಟಿ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಶಿಬಿರಗಳು. ನಾನು ವಿಚಾರಿಸಿದ ಕಡೆಯಲ್ಲೆಲ್ಲ ಕಟ್ಟಡ, ಎ.ಸಿ., ಕಿಟ್, ಕೊನೆಯ ದಿನದ ಪ್ರದರ್ಶನದ ಬಗ್ಗೆ ಮೊದಲು ಹೇಳಿದರು. ನಾನು ಕೇಳಿದ್ದು ಬೇರೆ. ಪಾಠ ಮಾಡುವವರು ಯಾರು? ಕೊನೆಯವರೆಗೂ ಅವರೇ ಇರುತ್ತಾರೆಯೇ? ಒಂದು ಚಿತ್ರದ ಮುಂದೆ ಮಕ್ಕಳನ್ನು ಎಷ್ಟು ಹೊತ್ತು ಕೂರಿಸುತ್ತೀರಿ? ಬರೆದದ್ದನ್ನು ಎದುರಿಗಿಟ್ಟು ಎಲ್ಲಿ ಸೋತಿದೆ ಎಂದು ಹೇಳುವವರು ಯಾರು? ಒಂದು ಕೋಚಿಂಗ್ ಸೆಂಟರಿನಲ್ಲಿ ಹಿಂದಿನ ವರ್ಷದ ಪೋರ್ಟ್‌ಫೋಲಿಯೊಗಳನ್ನು ಹರಡಿ ತೋರಿಸಿದರು. ಅದೇ ಹಡಗು, ಅದೇ ಅಜ್ಜಿಯ ಮುಖ, ಅದೇ ನೀಲಿ ನೆರಳು, ಬೇರೆ ಬೇರೆ ಹೆಸರು. ಆಯ್ಕೆ ಮಾಡುವವರು ಇಂಥವನ್ನು ರಾಶಿಗಟ್ಟಲೆ ನೋಡಿರುತ್ತಾರೆ. ಮಗು ತನ್ನ ಮನೆಯ ಅಡುಗೆಕಟ್ಟೆಯನ್ನು ಕಂಡಂತೆ ಬರೆದ ಓರೆಕೋರೆ ರೇಖೆಗೆ ಇರುವ ಬೆಲೆ ಇವಕ್ಕಿರುವುದಿಲ್ಲ. ಅಲ್ಲಿಂದ ನಾವು ಹೊರಟು ಬಂದೆವು.

ತೆರಿಗೆಯ ಕಡೆಯೂ ಗಮನವಿರಲಿ. ಕೋಚಿಂಗ್ ಸಂಸ್ಥೆ 20,000 ರೂಪಾಯಿ ಎಂದು ಹೇಳಿ ಬಿಲ್ ಮಾಡುವಾಗ ಶೇ 18 ಜಿಎಸ್‌ಟಿ ಸೇರಿಸಿದರೆ ಅದು 23,600 ಆಗುತ್ತದೆ. ಕಲೆ, ಸಂಸ್ಕೃತಿಯ ಹವ್ಯಾಸ ತರಬೇತಿಯನ್ನು ವ್ಯಕ್ತಿಯೊಬ್ಬರು ತಾವೇ ಕೊಡುವಾಗ ಜಿಎಸ್‌ಟಿ ವಿನಾಯಿತಿ ಇದೆ. ಕಲಾವಿದರೊಬ್ಬರು ತಮ್ಮ ಸ್ಟುಡಿಯೊದಲ್ಲಿ ಹೇಳಿಕೊಡುವ ಪಾಠ ಇದರಲ್ಲಿ ಬರಬಹುದು. ಶುಲ್ಕ ಕೇಳುವಾಗಲೇ ಜಿಎಸ್‌ಟಿ ಸೇರಿದೆಯೇ, ಸಾಮಗ್ರಿ ಸೇರಿದೆಯೇ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಬರಹದಲ್ಲಿ ಪಡೆಯಿರಿ. ಈ ಖರ್ಚನ್ನು ಆದಾಯ ತೆರಿಗೆ ವಿನಾಯಿತಿಗೆ ತೋರಿಸಲು ಬರುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೂ ಮಕ್ಕಳ ಓದಿನ ಖರ್ಚಿನಲ್ಲಿ ಆ ವಿನಾಯಿತಿ ಪೂರ್ಣಾವಧಿ ಶಿಕ್ಷಣದ ಬೋಧನಾ ಶುಲ್ಕಕ್ಕೆ ಮಾತ್ರ. ಸುಕನ್ಯಾ ಸಮೃದ್ಧಿ ಖಾತೆಯಿಂದ, ಮಗಳು ಹತ್ತನೇ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ, ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು ನಿಜ. ಅದಕ್ಕೆ ಕಾಲೇಜಿನ ಪ್ರವೇಶದ ದಾಖಲೆ ಬೇಕು. ಅದನ್ನು ಪದವಿಗೇ ಉಳಿಸಿಕೊಳ್ಳಿ, ಶಿಬಿರದ ಹಣ ಕೈಯಿಂದಲೇ ಬರಲಿ.

ಹೆಬ್ಬಾಳದ ಆಚೆಯ ಅಂತರರಾಷ್ಟ್ರೀಯ ಶಾಲೆಗಳ ಕಡೆ ಅಮೆರಿಕದ ಪ್ರಿ-ಕಾಲೇಜ್ ಕಾರ್ಯಕ್ರಮಗಳ ಮಾತು ಈಗ ಸಾಮಾನ್ಯ. ಪ್ರಾವಿಡೆನ್ಸ್‌ನ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನ ಬೇಸಿಗೆ ಕಾರ್ಯಕ್ರಮ ವಸತಿ, ಊಟ ಸೇರಿ ಹತ್ತು ಸಾವಿರ ಡಾಲರ್ ದಾಟುತ್ತದೆ. ವಿಮಾನ, ವೀಸಾ, ವಿಮೆ ಬೇರೆ. ಒಬ್ಬರ ಹೆಸರಿನಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿ ವಿದೇಶಕ್ಕೆ ಕಳುಹಿಸಿದರೆ ಬ್ಯಾಂಕು ಟಿಸಿಎಸ್ ಎಂಬ ತೆರಿಗೆ ಸಂಗ್ರಹಿಸುತ್ತದೆ. ರಿಟರ್ನ್ ಸಲ್ಲಿಸಿ ಅದನ್ನು ಹೊಂದಿಸಿಕೊಳ್ಳಬಹುದು, ಅಲ್ಲಿಯವರೆಗೆ ಹಣ ನಿಮ್ಮ ಕೈಯಲ್ಲಿರುವುದಿಲ್ಲ. ಇಷ್ಟಾದರೂ ಆ ಬೇಸಿಗೆ ಕಾರ್ಯಕ್ರಮ ಪದವಿ ಪ್ರವೇಶದ ಭರವಸೆ ಕೊಡುವುದಿಲ್ಲ. ಪದವಿಯನ್ನು ಅಲ್ಲೇ ಓದಿಸುವ ಶಕ್ತಿಯೂ ನಿರ್ಧಾರವೂ ಇರುವವರು ಯೋಚಿಸಲಿ. ಇಲ್ಲೇ ಓದುವ ಮಗುವಿಗಾಗಿ ಎಫ್‌ಡಿ ಮುರಿದು ಅಲ್ಲಿಗೆ ಕಳುಹಿಸಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ನನ್ನ ಗಂಡನಿಗೆ ದೊಡ್ಡ ಕ್ಯಾಂಪಸ್ಸಿನ ಶಿಬಿರವೇ ಆಗಬೇಕೆಂಬ ಆಸೆ ಇತ್ತು. ಅವರ ಕಾರಣದಲ್ಲಿ ಹುರುಳಿತ್ತು: ವಿಜ್ಞಾನದ ತರಗತಿಯಲ್ಲಿ ತಾನೊಬ್ಬಳೇ ಚಿತ್ರ ಬರೆಯುವವಳು ಎಂದುಕೊಂಡ ಹುಡುಗಿಗೆ ತನ್ನಂಥವರು ಇದ್ದಾರೆಂದು ಕಾಣಬೇಕು. ಅಂಥ ಒಂಟಿತನವಿರುವ ಮಗುವಿಗೆ ಕ್ಯಾಂಪಸ್ಸಿನ ಶುಲ್ಕ ಕೊಡುವುದು ಸರಿಯೇ. ನಮ್ಮ ಮಗಳಿಗೆ ಹೈಸ್ಕೂಲಿನಲ್ಲಿ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಬರೆದ ಕಾಲದ ಗೆಳತಿಯರಿದ್ದರು. ಅವಳಿಗೆ ಬೇಕಾಗಿದ್ದುದು ಕೈ ತಿದ್ದುವ ಕಣ್ಣು. ಆದ್ದರಿಂದ ಕಲಾವಿದೆಯೊಬ್ಬರ ಚಿಕ್ಕ ಸ್ಟುಡಿಯೊ ಆರಿಸಿಕೊಂಡೆವು. ನಾಲ್ಕಾರು ಮಕ್ಕಳು, ಬೆಳಗಿನ ಹೊತ್ತು, ಇದ್ದಿಲು ಮತ್ತು ಕಾರ್ಟ್ರಿಜ್ ಕಾಗದ. ಶಕ್ತಿ ಯೋಜನೆ ಇರುವುದರಿಂದ ಬಿಎಂಟಿಸಿ ಬಸ್ಸಿಗೆ ಅವಳು ದುಡ್ಡು ಕೊಡಬೇಕಿಲ್ಲ.

ಆ ಗುರು ಅವಳನ್ನು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಕಳುಹಿಸಿ ಮೂಟೆ ಹೊರುವವರ ಬೆನ್ನನ್ನು ಬರೆದುಕೊಂಡು ಬಾ ಎಂದರು. ಮೊದಮೊದಲು ಬಂದದ್ದೆಲ್ಲ ಮೂಟೆ, ಬೆನ್ನು ಕಾಣಲಿಲ್ಲ. ಮತ್ತೆ ಕಳುಹಿಸಿದರು. ಬಿಸಿಲಲ್ಲಿ ಬೆವರಿ ಬಂದವಳು ಮರುದಿನ ಯಾರೂ ಹೇಳದೆ ಮತ್ತೆ ಹೊರಟಳು. ನಮಗೆ ಬೇಕಾಗಿದ್ದ ಉತ್ತರ ಅದೇ. ಅದು ಉಲ್ಟಾ ಆಗಿದ್ದರೂ, ಅವಳು ಸಾಕು ಎಂದಿದ್ದರೂ, ಆ ಶುಲ್ಕ ಸಾರ್ಥಕವೆಂದೇ ನಾನು ಬರೆದುಕೊಳ್ಳುತ್ತಿದ್ದೆ.

ಮಿಕ್ಕ ಹಣ ಒಂದು ಆರ್‌ಡಿಯಲ್ಲಿದೆ. ಡಿಸೈನ್ ಪ್ರವೇಶ ಪರೀಕ್ಷೆಗಳಾದ ಡಿಎಟಿ ಮತ್ತು ಯೂಸೀಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಅಧಿಕೃತ ಜಾಲತಾಣಗಳಲ್ಲೇ ಉಚಿತವಾಗಿ ಸಿಗುತ್ತವೆ, ಅದಕ್ಕೆ ಖರ್ಚಿಲ್ಲ. ಅರ್ಜಿ ಶುಲ್ಕ, ಬಣ್ಣ, ಕಾಗದ, ಡಿಎಟಿಯ ಎರಡನೇ ಸುತ್ತಿಗೆ ಊರು ಬಿಟ್ಟು ಹೋಗಬೇಕಾಗಿ ಬಂದರೆ ಇಬ್ಬರ ಪ್ರಯಾಣ, ಇಷ್ಟು ಆ ಆರ್‌ಡಿಯಿಂದ ಆಗುತ್ತದೆ. ಚಿತ್ರಕಲಾ ಪರಿಷತ್ತಿಗೂ ಅರ್ಜಿ ಹಾಕುವುದೆಂದು ಮನೆಯಲ್ಲಿ ಒಪ್ಪಿದ್ದೇವೆ.